ಅಕ್ಕನ ಬೂಟಿನ ಮೆತ್ತೆ

ಆಗ ನನಗೆ ಅರವತ್ತಾರು. ಇದಾಗಿ ಒಂಬತ್ತು ವರ್ಷವಾಯಿತು. ಪದ್ಮಾ, ನಿನ್ನ ಅಮ್ಮನ ಹೆಸರಲ್ಲಿ ದಾನ ಕೊಟ್ಟ ಬೂಟಿನೊಳಗೆ ಇಡಬೇಕಿದ್ದ ಮೆತ್ತೆಗಳನ್ನು ಕದ್ದವಳು ನಾನು. ನೀನು ಕೇಳಿದಾಗ ಸುಳ್ಳು ಹೇಳಿದವಳೂ ನಾನೇ. ಉಳಿದದ್ದನ್ನು ಓದಿದರೆ ಓದು, ಬಿಟ್ಟರೆ ಬಿಡು. ಆದರೆ ಮೊದಲು ಕಾಲಿಗೆ ಚಪ್ಪಲಿ ಹಾಕಿಕೋ.

ಮೂರನೇ ಕ್ಲಾಸು ಓದಿದವಳು ನಾನು. ಒತ್ತಕ್ಷರ ತಪ್ಪಿದ್ದರೆ ಬೈದುಕೊಂಡು ಓದು. ಬಾಯಲ್ಲೇ ಹೇಳೋಣವೆಂದು ನಾಲ್ಕು ಸಲ ನಿನ್ನ ಬಾಗಿಲಿಗೆ ಬಂದೆ. ಬಂದು ಸೊಪ್ಪಿನ ಮಾತು, ರೇಷ್ಮೆ ಹುಳುವಿನ ಮಾತು ಆಡಿ ವಾಪಸ್ಸು ಹೋದೆ.

ನಿನ್ನ ಅಮ್ಮ ನನಗೆ ವಾರಗಿತ್ತಿ. ಅಕ್ಕ ಎಂದೇ ಕರೆದೆ, ಸಾಯುವವರೆಗೂ. ಇಬ್ಬರಿಗೂ ಒಂದೇ ಕಾಯಿಲೆ — ಹೆಬ್ಬೆರಳ ಬುಡದಲ್ಲಿ ಮೂಳೆ ಉಬ್ಬಿ ಗಂಟಾಗುವುದು. ಚಪ್ಪಲಿ ತಾಗಿದರೆ ಕೆಂಡ ಇಟ್ಟ ಹಾಗೆ. ನೀನು ಅವಳನ್ನು ಚಿಕ್ಕಬಳ್ಳಾಪುರದ ಡಾಕ್ಟರಿಗೆ ತೋರಿಸಿದೆ. ಗಂಟು ಕರಗುವುದಿಲ್ಲ, ನೋವು ಕಡಿಮೆ ಮಾಡಬಹುದು ಎಂದರು. ಕಾಲಿನ ಅಚ್ಚು ತೆಗೆಸಿ ಮೆತ್ತೆ ಮಾಡಿಸಿದಿರಿ, ಮುಂದೆ ಅಗಲವಿರುವ ಕರೀ ಬೂಟಿನೊಳಗೆ ಇಟ್ಟಿರಿ. ಸೀರೆ ಉಟ್ಟು ಬೂಟು ಹಾಕಿ ಹೊರಟವಳನ್ನು ನೋಡಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ, "ಏನಮ್ಮೋ, ಪೊಲೀಸ್ ಕೆಲಸ ಸಿಕ್ತಾ?" ಎಂದರೆ, "ಹೂಂ ಕಣೋ, ಮೊದ್ಲು ನಿನ್ನೇ ಒಳಗ್ ಹಾಕೋದು" ಎಂದಳು. ಅಂಥವಳು.

ನಾನು ಒಂದು ದಿನ ಹಾಕಿ ನೋಡುತ್ತೇನೆ ಎಂದೆ. ಕೊಡಲಿಲ್ಲ. "ನಿನ್ ಕಾಲಿಗೆ ಆಗಲ್ಲ ಕಣೇ. ಇದು ನನ್ ಕಾಲಿನ ಅಚ್ಚು" ಎಂದಳು.

ನನ್ನ ಮಗ ನನಗೂ ಮಾಡಿಸುತ್ತೇನೆ ಎಂದಿದ್ದ. ಬೇಡ ಎಂದವಳು ನಾನೇ. ಯಾಕೆ ಎಂದು ಈಗಲೂ ಗೊತ್ತಿಲ್ಲ — ಅವಳದ್ದೇ ಬೇಕಿತ್ತೇನೋ.

ಅಕ್ಕ ಹೋದ ಹನ್ನೊಂದನೇ ದಿನ. ಸತ್ತವರು ನಡೆಯುವ ದಾರಿಯಲ್ಲಿ ಮುಳ್ಳು, ಕಾದ ಮರಳು. ಅದಕ್ಕೆ ಛತ್ರಿ, ಪಾದರಕ್ಷೆ ದಾನ ಕೊಡುತ್ತೇವೆ. ಎಲ್ಲರೂ ಹವಾಯಿ ಚಪ್ಪಲಿ ತರುತ್ತಾರೆ. ನೀನು ಅಮ್ಮನ ಅಳತೆಯ ಹೊಸ ಬೂಟು ತಂದೆ. ಮೆತ್ತೆಗಳ ಜೊತೆ ನನ್ನ ಕೈಗೆ ಕೊಟ್ಟೆ.

"ಚಿಕ್ಕಮ್ಮಾ, ಇವನ್ನ ಒಳಗ್ ಇಟ್ಬಿಡಿ. ಇವಿಲ್ದೆ ಅಮ್ಮ ನಾಲ್ಕ್ ಹೆಜ್ಜೆ ಇಡಲ್ಲ."

ನಾನು ಹುಳುವಿನ ಮನೆಗೆ ಹೋದೆ. ತಟ್ಟೆಗೆ ಹಾಸುವ ಪೇಪರ್ ಅಲ್ಲಿತ್ತು. ಕಾಲಿನಾಕಾರಕ್ಕೆ ಕತ್ತರಿಸಿ, ಮಡಚಿ, ಬೂಟಿನೊಳಗೆ ತುರುಕಿದೆ. ಮೆತ್ತೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಜೋಯಿಸರು ಬೂಟಿನೊಳಗೆ ನೋಡಲಿಲ್ಲ. ನೀನು ಅವಕ್ಕೆ ಕೈ ಮುಗಿದೆ. ನಾನೂ ಮುಗಿದೆ.

ಮಗನ ಕೈಲಿ ಅಗಲದ ಬೂಟು ತರಿಸಿ ಅವನ್ನು ಒಳಗಿಟ್ಟೆ. ಮೊದಮೊದಲು ಅವು ನನ್ನ ಕಾಲಿಗೆ ಕೂರಲಿಲ್ಲ. ಉಬ್ಬು ಎಲ್ಲೋ, ಹಳ್ಳ ಎಲ್ಲೋ. ಬಿಸಾಡಬೇಕು ಎಂದುಕೊಂಡರೂ ಬಿಸಾಡಲಿಲ್ಲ. ಒಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸರಿಯಾಗಿ ಕೂತವು. ನೋವು ಇಳಿಯಿತು. ಮೆತ್ತೆ ಸವೆದು ನನ್ನ ಕಾಲಿಗೆ ಹೊಂದಿತು ಎಂದುಕೊಂಡೆ. ತೆಗೆದು ನೋಡಿದೆ. ಅವು ಸವೆದಿರಲಿಲ್ಲ.

ಹುಳುವಿನ ಮನೆಗೆ ರೋಗ ಬರಬಾರದೆಂದು ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡುತ್ತೇವಲ್ಲ. ಬೂಟು ಹೊರಗೆ ಬಿಟ್ಟು, ಬರಿಗಾಲಲ್ಲಿ ಅದನ್ನು ತುಳಿದು ಒಳಗೆ ಹೋದೆ. ಸೊಪ್ಪು ಹಾಕಿ ತಿರುಗಿ ಬಂದಾಗ ಸುಣ್ಣದಲ್ಲಿ ಹೆಜ್ಜೆ ಕಂಡಿತು. ಅದು ಅಕ್ಕನ ಹೆಜ್ಜೆ. ಎಡಗಾಲು ಹೊರಗೆ ತಿರುಗಿದ್ದು, ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿದ್ದು. ನಲವತ್ತು ವರ್ಷ ನೋಡಿದ ಕಾಲು, ನನಗೆ ಗೊತ್ತಾಗುವುದಿಲ್ಲವೇ? ಹಿಂದೆ ಮುಂದೆ ನೋಡಿದೆ. ಒಳಗೆ ಬಂದವಳು ನಾನೊಬ್ಬಳೇ. ಬಗ್ಗಿ ನನ್ನ ಕಾಲು ನೋಡಿಕೊಂಡೆ.

ನೋಡಿಕೊಂಡು — ಪೊರಕೆ ತಂದು ಸುಣ್ಣ ಗುಡಿಸಿದೆ. ಮತ್ತೆ ಬೂಟು ಹಾಕಿಕೊಂಡೆ. ನೋವು ಇಲ್ಲದಿರುವುದು ಎಷ್ಟು ಚೆನ್ನಾಗಿರುತ್ತದೆ ಎಂದು ನಿನಗೆ ಹೇಗೆ ಹೇಳಲಿ.

ನಿನ್ನ ಅಪ್ಪನಿಗೆ ಆಗಲೇ ಕಣ್ಣು ಮಂಜು. ನಾನು ಮೊಸರು ಕೊಡಲು ಹೋದೆ. ನನ್ನ ಹೆಜ್ಜೆಯ ಸದ್ದು ಕೇಳಿ ಒಳಗಿನಿಂದ, "ವಚ್ಚಿನಾವಾ?" ಎಂದರು — ಬಂದೆಯಾ ಎಂದು. ಭಾವ ನನ್ನ ಜೊತೆ ಯಾವತ್ತೂ ತೆಲುಗಿನಲ್ಲಿ ಮಾತಾಡಿದವರಲ್ಲ. ಅಕ್ಕನೊಬ್ಬಳ ಜೊತೆಗೇ. ನಾನು ಬಾಗಿಲಲ್ಲೇ ನಿಂತೆ. "ಅಲ್ಲೇ ಯಾಕೆ ನಿಂತೆ? ಕಾಲು ನೋಯ್ತದಾ?" ಎಂದು ಅವರು ತೆಲುಗಿನಲ್ಲೇ ಕೇಳಿದರು. ಮೊಸರು ಕಟ್ಟೆಯ ಮೇಲಿಟ್ಟು ಬಂದುಬಿಟ್ಟೆ.

ಆಮೇಲೆ ಆ ಮಧ್ಯಾಹ್ನ. ಹುಳು ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ, ಸೊಪ್ಪಿಗೆ ಬಿದ್ದಿದ್ದವು, ಮನೆಯೆಲ್ಲ ಚರಚರ ಸದ್ದು. ನೀನು ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸಿದೆ.

"ಚಿಕ್ಕಮ್ಮಾ, ಮೂರ್ ದಿನದಿಂದ ಅಮ್ಮ ಕನಸಲ್ಲಿ ಬರ್ತಾವ್ಳೆ. ಕಾಲ್ ಕೆಳಗೆ ಬರೀ ಪೇಪರ್ ಐತೆ ಕಣೇ, ಹರಿದೋಗೈತೆ, ಮುಳ್ಳು ಚುಚ್ತೈತೆ ಅಂತಾಳೆ."

ಪೇಪರಿನ ವಿಷಯ ಈ ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

"ನೀವ್ ಮೆತ್ತೆ ಇಟ್ಟಿದ್ರಿ ಅಲ್ವಾ?"

"ಇಟ್ಟೆ ಕಣಮ್ಮ. ನನ್ ಕೈಯಾರೆ ಇಟ್ಟೆ."

ಇದೇ ಮಾತು. ಕದ್ದದ್ದಕ್ಕಿಂತ ಇದು ದೊಡ್ಡದು.

ನೀನು ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕಿದೆ. ಆಮೇಲೆ, "ಹಂಗಾದ್ರೆ ಇದು ನಂದೇ ಪಾಪ" ಎಂದೆ. ಗೌರಿಬಿದನೂರಿನ ಮದುವೆಗೆ ಹೋಗುವಾಗ ಬೂಟು ಹಾಕಿದರೆ ಜನ ನಗುತ್ತಾರೆ ಎಂದು ಅಮ್ಮನ ಬೂಟು ಬಚ್ಚಿಟ್ಟೆಯಂತೆ. ತೆಳ್ಳನೆ ಚಪ್ಪಲಿಯಲ್ಲಿ ದಿನವೆಲ್ಲ ನಡೆಸಿದೆಯಂತೆ. ಅವಳು ಒಂದು ಮಾತೂ ಆಡಲಿಲ್ಲವಂತೆ. ಇಷ್ಟು ಹೇಳಿ ಅತ್ತೆ. "ಅಮ್ಮ ಬಂದು ನೋವು ಹೋಯ್ತು ಅನ್ನೋಗಂಟ ನಾನೂ ಮೆಟ್ಟಲ್ಲ" ಎಂದೆ. ಬಾಗಿಲಲ್ಲಿದ್ದ ನಿನ್ನ ಚಪ್ಪಲಿಯನ್ನು ತೆಗೆದು ತಿಪ್ಪೆಗೆ ಎಸೆದೆ. ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ತಟ್ಟೆಯ ಕಸ ತೆಗೆದೆ.

ಒಂಬತ್ತು ವರ್ಷ ನೀನು ಬರಿಗಾಲು. ಈಗ ನಿನಗೆ ಸಕ್ಕರೆ ಕಾಯಿಲೆ. ಹಿಮ್ಮಡಿಯ ಗಾಯ ಮಾಯುತ್ತಿಲ್ಲ. ಬರಿಗಾಲಲ್ಲಿ ನಡೆದರೆ ಕಾಲೇ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದರೂ ನೀನು ಹರಕೆ ಬಿಡುವುದಿಲ್ಲ ಎಂದೆ. ಆ ಹರಕೆ ನಿನ್ನದಲ್ಲ, ಪದ್ಮಾ. ಅದರ ಬುಡದಲ್ಲಿರುವುದು ನನ್ನ ಸುಳ್ಳು. ಅಮ್ಮ ಶಪಿಸಿದ್ದರೆ ನನ್ನನ್ನು ಶಪಿಸಿದ್ದಾಳೆ, ನಿನ್ನನ್ನಲ್ಲ. ಮೆತ್ತೆಗಳು ಈ ಕಾಗದದ ಕೆಳಗಿವೆ. ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ನೀನು ಮಾತ್ರ ಅವನ್ನು ಹಾಕಿಕೊಳ್ಳಬೇಡ.

ನನ್ನನ್ನು ಕ್ಷಮಿಸು ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಇನ್ನೊಂದು ಹೇಳದೆ ಅದನ್ನು ಕೇಳುವ ಹಾಗಿಲ್ಲ.

ನೀನು ಚಪ್ಪಲಿ ಎಸೆದ ಮರುದಿನ ಬೆಳಿಗ್ಗೆ ನಾವಿಬ್ಬರೂ ಶಿಡ್ಲಘಟ್ಟಕ್ಕೆ ಹೊರಟೆವು. ಬಸ್ಸಿನ ರಸ್ತೆಯವರೆಗೂ ಹೊಸದಾಗಿ ಜಲ್ಲಿ ಸುರಿದಿದ್ದರು. ನೀನು ಮುಂದೆ, ಬರಿಗಾಲಲ್ಲಿ, ಒಂದೊಂದೇ ಹೆಜ್ಜೆ ಆರಿಸಿ ಇಡುತ್ತಿದ್ದೆ. ನಿನ್ನ ಹಿಂದೆ ನಾನು, ನಿನ್ನ ಅಮ್ಮನ ಮೆತ್ತೆಯ ಮೇಲೆ. ನನಗೆ ಒಂದು ಚೂರೂ ನೋವಿರಲಿಲ್ಲ. "ಬೇಗ ನಡಿಯೇ, ಬಸ್ಸು ಹೋಗ್ತದೆ" ಎಂದು ನಿನ್ನನ್ನು ಗದರಿಸಿದೆ.