ಅಕ್ಕ ಆಡಿದ ಮಾತು, ನಾನು ಹೇಳಿದ ಮಾತು

ನನ್ನ ಅಕ್ಕ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವನು ನಾನು — ಅವಳ ಪಕ್ಕದಲ್ಲೇ ಕುಳಿತು, ಅದು ಅವಳ ಬಾಯಿಂದ ಬಂದ ಮಾತೆಂದು ಹೇಳಿ. ಇದನ್ನು ಇವತ್ತಿನವರೆಗೆ ಯಾರ ಮುಂದೆಯೂ ಆಡಿಲ್ಲ. ಹೆಂಡತಿಯ ಮುಂದೆಯೂ ಇಲ್ಲ.

ಅಕ್ಕ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದದ್ದು ನಮ್ಮ ಕಡೆಯ ಡಾಕ್ಟರೊಬ್ಬರ ಮಕ್ಕಳನ್ನು ನೋಡಿಕೊಳ್ಳಲು. ಗಂಡ ಬಿಟ್ಟುಹೋಗಿದ್ದ, ಮಕ್ಕಳಿರಲಿಲ್ಲ. ಡಾಕ್ಟರ ಮಕ್ಕಳು ಬೆಳೆದು ಹೋದರು, ಅಕ್ಕ ಇಲ್ಲೇ ಉಳಿದಳು. ಇಂಗ್ಲಿಷ್ ಬರಲಿಲ್ಲ — ಆ ಮನೆಯಲ್ಲಿ ಅದು ಬೇಕಾಗಲೂ ಇಲ್ಲ. ವಯಸ್ಸಾದ ಮೇಲೆ ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನ ಒಂದು ಪುಟ್ಟ ಫ್ಲಾಟಿನಲ್ಲಿ ಒಬ್ಬಳೇ ಇದ್ದಳು. ಬಾಡಿಗೆಯನ್ನು ಹೌಸಿಂಗ್ ಬೆನಿಫಿಟ್ ಎಂಬ ಸರ್ಕಾರದ ನೆರವು ನೋಡಿಕೊಳ್ಳುತ್ತಿತ್ತು. ಕಿಟಕಿಯಲ್ಲಿ ಮೆಂತ್ಯ ಬೆಳೆದಿದ್ದಳು. ಬಾಗಿಲಿನ ಕೀಲಿಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಓಡಾಡುತ್ತಿದ್ದಳು. ಹುಟ್ಟಿದಂದಿನಿಂದ ಅವಳದೇ ಅಂತ ಇದ್ದ ಮೊದಲ ಬಾಗಿಲು ಅದು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಇಲ್ಲಿನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಕಲಿತದ್ದೇ ನನ್ನ ಇಂಗ್ಲಿಷು. ಅಕ್ಕನಿಗೆ ಅದೇ ದೊಡ್ಡ ವಿದ್ಯೆ.

ಅಪ್ಪ ತೀರಿಕೊಂಡ ಮೇಲೆ ತುಮಕೂರಿನ ಸೈಟು ಮಾರಲು ಇಬ್ಬರೂ ಹೋದೆವು. ನಮ್ಮಲ್ಲಿ ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಡುವುದು ರೂಢಿ. ಪಾಲು ಕೇಳಿದವಳಿಗೆ ತವರಿಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅಕ್ಕ ಹೆಬ್ಬೆಟ್ಟು ಒತ್ತಿದಳು. ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಕೊಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡಳು. ಕಾನೂನಿನ ಪ್ರಕಾರ ಅರ್ಧ ಅವಳದು ಎಂದು ನನಗೆ ಗೊತ್ತಿತ್ತು — ಗೊತ್ತಿದ್ದೂ...

ದುಡ್ಡನ್ನು ಇಲ್ಲಿಗೆ ತರಿಸುವಾಗ ನನ್ನ ಖಾತೆಗೆ ಹಾಕಿಸಲಿಲ್ಲ. ಆಗ ನನಗೂ ಬಾಡಿಗೆಗೆ ಸರ್ಕಾರದ ನೆರವು ಬರುತ್ತಿತ್ತು. ಉಳಿತಾಯ ಎಷ್ಟಿದೆಯೆಂದು ತಿಳಿಸಬೇಕು, ಮಿತಿ ದಾಟಿದರೆ ನೆರವು ನಿಲ್ಲುತ್ತದೆ — ಇದು ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿರಲಿಲ್ಲ.

“ಸ್ವಲ್ಪ ದಿನ ನಿನ್ನ ಅಕೌಂಟಲ್ಲಿ ಇರ್ಲಿ ಅಕ್ಕ,” ಎಂದೆ.

“ಇರ್ಲಿ ಬಿಡೋ, ಅದೇನು ಊಟ ಕೇಳ್ತದಾ?” ಎಂದು ನಕ್ಕಳು.

ಕೌನ್ಸಿಲ್‌ಗೆ ತಿಳಿಯಿತು. ಅಕ್ಕನನ್ನು ಕರೆಸಿದರು. ಕನ್ನಡ ಬಲ್ಲವರೊಬ್ಬರನ್ನು ಫೋನಿನಲ್ಲಿ ಒದಗಿಸುತ್ತೇವೆ ಎಂದರು. ಬೇಡ, ತಮ್ಮ ನಾನಿದ್ದೇನೆ ಎಂದೆ.

ಆಫೀಸಿನ ಹುಡುಗಿ ಒಳ್ಳೆಯವಳು. ಅಕ್ಕನಿಗೆ ಕುಡಿಯಲು ನೀರು ಕೊಟ್ಟು, ಈ ಹಣ ಯಾರದು ಎಂದು ನಿಧಾನವಾಗಿ ಕೇಳಿದಳು. ಪ್ರಶ್ನೆಯನ್ನು ನಾನು ಸರಿಯಾಗಿಯೇ ಕನ್ನಡದಲ್ಲಿ ಹೇಳಿದೆ. ಅಕ್ಕ ಆ ಹುಡುಗಿಯ ಮುಖವನ್ನೇ ನೋಡುತ್ತ ಉತ್ತರ ಕೊಟ್ಟಳು:

“ಅಯ್ಯೋ, ನಂದಲ್ಲ ಕಣಮ್ಮ. ನನ್ನ ತಮ್ಮಂದು. ನಾನು ಹಕ್ಕು ಬಿಟ್ಟಾಯ್ತು. ಬೇಕಾದ್ರೆ ನಾಳೇನೇ ತಗೊಂಡೋಗ್ತಾನೆ.”

ಹುಡುಗಿ ನನ್ನ ಕಡೆ ತಿರುಗಿದಳು. ಅಕ್ಕನ ಮಾತನ್ನು ಹಾಗೆಯೇ ಹೇಳಿದ್ದರೆ ಸಿಕ್ಕಿಬೀಳುತ್ತಿದ್ದವನು ನಾನು.

“ಶಿ ಸೇಸ್, ಇಟ್ ಈಸ್ ಹರ್ ಮನಿ,” ಎಂದೆ. “ಫ್ರಮ್ ಫಾದರ್.”

ದುಡ್ಡು ತನ್ನದೇ ಅನ್ನುತ್ತಿದ್ದಾಳೆ — ಹಾಗಂದುಬಿಟ್ಟೆ. ತನ್ನ ಮಾತೇ ಇಂಗ್ಲಿಷಿನಲ್ಲಿ ಹೋಯಿತೆಂದುಕೊಂಡು ಅಕ್ಕ ಜೋರಾಗಿ ತಲೆಯಾಡಿಸಿದಳು. ಹೌದು, ಹೌದು, ಅದೇ ನಿಜ ಎನ್ನುವ ಹಾಗೆ. ಪಾಲು ಕೊಡುವಾಗ ಆ ದುಡ್ಡಿನಲ್ಲಿ ಅವಳದೇನೂ ಇರಲಿಲ್ಲ. ತಪ್ಪು ಹೊರಿಸುವಾಗ ಅಷ್ಟೂ ಅವಳದಾಯಿತು.

ಬೆನಿಫಿಟ್ ನಿಂತಿತು. ಹಿಂದೆ ಕೊಟ್ಟದ್ದರಲ್ಲೂ ಒಂದಿಷ್ಟನ್ನು ವಾಪಸು ಕೇಳಿದರು. ಬಾಡಿಗೆಗೆ ಸ್ವಲ್ಪ ಇಟ್ಟುಕೋ ಎಂದು ಅಕ್ಕನಿಗೆ ಬಾಯಿಮಾತಿಗೆ ಹೇಳಿದೆ. “ತಮ್ಮನ ದುಡ್ಡು ಮುಟ್ಟಲ್ಲ” ಎಂದಳು. ನಾನು ಇನ್ನೊಮ್ಮೆ ಹೇಳಲಿಲ್ಲ. ಎಲ್ಲವನ್ನೂ ತೆಗೆಸಿಕೊಂಡು ಈಗಿರುವ ಮನೆಯನ್ನು ಕೊಳ್ಳಲು ಡೆಪಾಸಿಟ್ ಕಟ್ಟಿದೆ. ಅವಳ ಪಿಂಚಣಿ ಬಾಡಿಗೆಗೂ ಬಾಕಿಗೂ ಸಾಲಲಿಲ್ಲ. ಫ್ಲಾಟು ಹೋಯಿತು. ಈಗ ನಮ್ಮ ಮನೆಯ ಸಣ್ಣ ಕೋಣೆಯಲ್ಲಿದ್ದಾಳೆ — ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದು. ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ “ನನ್ನ ತಮ್ಮ ಇಲ್ದಿದ್ರೆ ಬೀದೀಲಿ ಇರ್ತಿದ್ದೆ” ಅನ್ನುತ್ತಾಳೆ. ನಾನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿಬಿಡುತ್ತೇನೆ.

ಮೊನ್ನೆ ನನ್ನ ಮಗಳು — ಇಲ್ಲೇ ಹುಟ್ಟಿದವಳು, ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು — ಇನ್ನೊಮ್ಮೆ ಫ್ಲಾಟಿಗೆ ಅರ್ಜಿ ಹಾಕೋಣ, ನಾನೇ ಸಹಾಯ ಮಾಡುತ್ತೇನೆ ಎಂದು ಅಕ್ಕನ ಹಿಂದೆ ಬಿದ್ದಳು. ಸೊಪ್ಪು ಬಿಡಿಸುತ್ತಿದ್ದ ಅಕ್ಕ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

“ಬೇಡ ಕಂದ. ಅಲ್ಲಿ ನನ್ನ ಕಳ್ಳಿ ಅಂತ ಬರ್ಕೊಂಡವ್ರೆ. ನಿಜ ಹೇಳಿದ್ರೂ ನಂಬ್ಲಿಲ್ಲ.”

ಮಗಳು ಎದ್ದುಹೋದ ಮೇಲೆ ನನ್ನೊಬ್ಬನಿಗೇ ಕೇಳುವಂತೆ ಹೇಳಿದಳು:

“ಆವತ್ತು ಹೆಬ್ಬೆಟ್ಟು ಒತ್ತೋವಾಗ ಒಂದು ಗಳಿಗೆ ಆಸೆ ಆಯ್ತು ಕಣೋ, ನಂಗೂ ಒಂಚೂರು ಇದ್ದಿದ್ರೆ ಅಂತ. ಅದಕ್ಕೇ ದೇವ್ರು ಹಿಂಗ್ ಮಾಡ್ದ.”

ಸೊಪ್ಪಿನ ಬುಟ್ಟಿ ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದೆ, ಸದ್ದಾಗಲಿ ಎಂದು. ನಾನು ಮಾಡಿದ ಪಾಪಕ್ಕೆ ಅವಳು ತನ್ನೊಳಗೆ ಕಾರಣ ಹುಡುಕುತ್ತಿದ್ದಾಳೆ — ಇಷ್ಟು ವರ್ಷ ಹುಡುಕಿ, ಕೊನೆಗೆ ಅದೊಂದು ಗಳಿಗೆಯ ಆಸೆಯನ್ನು ಹಿಡಿದುಕೊಂಡು ಕುಳಿತಿದ್ದಾಳೆ. ಹೇಳಿದರೆ ಈ ಮನೆ ಉಳಿಯುತ್ತದೋ ಇಲ್ಲವೋ, ಹೆಂಡತಿ ಏನನ್ನುತ್ತಾಳೋ, ನನ್ನನ್ನು ಏನು ಮಾಡುತ್ತಾರೋ — ಎಷ್ಟು ಯೋಚಿಸಿದರೂ ಎಲ್ಲೂ ಬೆಳಕಿಲ್ಲ. ಆದರೆ ಅವಳು ಹೀಗೇ, ತಾನೇ ತಪ್ಪು ಮಾಡಿದೆನೆಂದು ನಂಬಿಕೊಂಡು ಸತ್ತರೆ...

ಅಕ್ಕನಿಗೆ ಓದು ಬಾರದು. ಬರೆದಿಟ್ಟ ಇದನ್ನು ನಾನೇ ಅವಳ ಮುಂದೆ ಕುಳಿತು ಓದಬೇಕು, ಒಂದು ಮಾತೂ ಬಿಡದೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತಾಳೆ.

ಇವತ್ತು ಬೆಳಗ್ಗೆ ಮಗಳಿಗೆ, ಕೌನ್ಸಿಲ್‌ಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೋ ಎಂದೆ. ಅವಳ ಮುಖ ಅರಳಿತು.

“ಫಾರ್ ಅತ್ತೆ?”

“ಅಲ್ಲ,” ಎಂದೆ. “ನನ್ನ ಹೆಸರಿಗೆ.”