ಬಂಡೆಯ ಒಳಜೇಬಿನ ಗೋಜಿ ಹಣ್ಣು

ಸಗಟು ಮಾರುಕಟ್ಟೆಯ ಕಟ್ಟೆಯಲ್ಲಿ ‘ಬಂಡೆ’ ಎಂದೇ ಹೆಸರಾಗಿದ್ದ ಆ ಹಮಾಲಿಗೆ ಬಾಯಿಗಿಂತ ಮುಷ್ಟಿಯೇ ಮುಂದು. ಲಾರಿ ತಡವಾದರೆ ಚಾಲಕನ ಕೊರಳಪಟ್ಟಿಗೂ, ಸರದಿ ತಪ್ಪಿದರೆ ಜೊತೆಗಾರನ ದವಡೆಗೂ ಅವನ ಕೈ ಹೋಗುತ್ತಿತ್ತು. ಹೃದಯಕ್ಕೆ ಲೋಹದ ಕವಾಟ ಕೂಡಿಸಿದ ಮೇಲೂ ಆ ಗುಣ ಇಳಿಯಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ನಿತ್ಯ ನುಂಗಿ, ಆಗಾಗ ರಕ್ತ ಪರೀಕ್ಷಿಸಿಕೊಳ್ಳಬೇಕೆಂದು ವೈದ್ಯೆ ವಿಧಿಸಿದ್ದರು. ಮಾತ್ರೆಯನ್ನು ನುಂಗಿದ, ಪರೀಕ್ಷೆಯನ್ನು ಗಾಳಿಗೆ ತೂರಿದ.

ಭಾರದ ಮೂಟೆ ನಿಷಿದ್ಧವಾಗಿ, ಹಗುರ ಪೆಟ್ಟಿಗೆಗಳಷ್ಟೇ ಅವನ ಪಾಲಿಗೆ ಉಳಿದವು.

“ಬಂಡೆ ಒಡೆದು ಜಲ್ಲಿ ಆಯ್ತಲ್ರಪ್ಪೋ!” ಎಂದು ಕುಳ್ಳನೆಂಬ ಜೊತೆಗಾರ ಎಲ್ಲರನ್ನೂ ನಗಿಸಿದ.

ಆ ನಗೆ ಎದೆಯಲ್ಲಿ ನಾಟಿತು. ಚೀನಾದಿಂದ ಬರುವ ಗೋಜಿ ಎಂಬ ಪುಟ್ಟ ಕೆಂಪು ಹಣ್ಣು ಬಲವರ್ಧಕವೆಂದು ಒಣಹಣ್ಣಿನ ಅಂಗಡಿಯವನು ಹೊಗಳಿದ್ದೇ ತಡ, ಬಂಡೆ ಕೊಂಡುಬಿಟ್ಟ. ಬಲಕ್ಕೆಂದು ಹಣ್ಣು ಮೆಲ್ಲುವ ಹಮಾಲಿ ಆ ಕಟ್ಟೆಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಆದುದರಿಂದ ಹೆಂಡತಿಗೂ ತಿಳಿಸದೆ ಒಳಜೇಬಿಗೆ ತುಂಬಿಕೊಂಡು, ಮೂಟೆಗಳ ಮರೆಯಲ್ಲಿ ಹಿಡಿಹಿಡಿಯಾಗಿ ಮುಕ್ಕಿದ.

ಒಂದು ಬೆಳಿಗ್ಗೆ ಕುಳ್ಳ ಮತ್ತೆ “ಏನಪ್ಪಾ ಜಲ್ಲಿ” ಎಂದ. ಬಂಡೆ ಮೂಟೆಯೆತ್ತುವ ಕೊಕ್ಕೆಯನ್ನೇ ಬೀಸಿದ. ಕುಳ್ಳನ ಕಿವಿ ಹರಿಯಿತು. ಕುಳ್ಳ ಹಣೆಯಿಂದ ಅವನ ಮೂಗಿಗೆ ಗುದ್ದಿ, ಅಂಗಿ ಹಿಡಿದೆಳೆದು ನೆಲಕ್ಕೆ ಕೆಡವಿದ. ಜೇಬು ಕಿತ್ತು ಕೆಂಪು ಹಣ್ಣುಗಳು ಚೆಲ್ಲಿದವು. ಅವುಗಳ ಮೇಲೆ ಸುರಿಯತೊಡಗಿದ ಮೂಗಿನ ರಕ್ತ ನಿಲ್ಲಲೇ ಇಲ್ಲ. ಒತ್ತಿಹಿಡಿದ ಬಟ್ಟೆಗಳೆಲ್ಲ ತೊಯ್ದುಹೋದವು.

ಆಸ್ಪತ್ರೆಯಲ್ಲಿ ಮೂಗಿಗೆ ಬಟ್ಟೆ ತುರುಕಿ, ರಕ್ತ ಕೊಟ್ಟು, ಪ್ರಾಣವನ್ನು ಹಿಡಿದು ನಿಲ್ಲಿಸಿದ ವೈದ್ಯೆ, “ಅದೇ ಮಾತ್ರೆ, ಆದ್ರೂ ರಕ್ತ ಇಷ್ಟು ತೆಳ್ಳಗಾಗಿದೆ. ಹೊಸದೇನಾದ್ರೂ ತಿಂತಿದ್ರಾ? ಕಾರಣ ಸಿಗದಿದ್ರೆ ನಾಳೆ ತಲೆಯೊಳಗೇ ರಕ್ತ ಸುರಿಯಬಹುದು” ಎಂದರು.

ಬಂಡೆ ಇಲ್ಲವೆಂದು ತಲೆಯಾಡಿಸಿದ.

ಅಷ್ಟರಲ್ಲಿ ಹೊರಗೆ ಗದ್ದಲವೆದ್ದಿತು. ಕಿವಿಗೆ ಪಟ್ಟಿ ಸುತ್ತಿಕೊಂಡು ಬಂದ ಕುಳ್ಳನನ್ನು ಬಂಡೆಯ ಭಾಮೈದ ಮೆಟ್ಟಿಲ ಮೇಲೆಯೇ ಕೆಡವಿಕೊಂಡು ಒದೆಯುತ್ತಿದ್ದ.

“ಆಮೇಲೆ ಹೊಡಿ ಮಾರಾಯಾ, ಎಷ್ಟ್ ಬೇಕಾದ್ರೂ ಹೊಡಿ! ಮೊದ್ಲು ಅವನ ಜೇಬಿಂದ ಬಿದ್ದ ಇದನ್ನ ಡಾಕ್ಟ್ರಿಗೆ ತೋರಿಸ್ಬೇಕು!”

ಕುಳ್ಳ ಬಿಚ್ಚಿದ ಅಂಗೈಯಲ್ಲಿ ರಕ್ತ ಒಣಗಿ ಅಂಟಿದ ಗೋಜಿ ಹಣ್ಣುಗಳಿದ್ದವು.

ವೈದ್ಯೆ ಆ ಹಣ್ಣುಗಳನ್ನು ಹಾಸಿಗೆಯ ಪಕ್ಕಕ್ಕೆ ತಂದರು; ಹಿಂದೆಯೇ ಕುಳ್ಳನೂ ಬಂದ. “ಇದು ಕೆಟ್ಟ ಹಣ್ಣಲ್ಲ, ಪೋಷಕಾಂಶ ಇದೆ. ಆರೋಗ್ಯವಾಗಿರೋರು ಮಿತವಾಗಿ ತಿನ್ನಲಿ. ಆದ್ರೆ ನಿಮ್ಮ ಮಾತ್ರೆ ಜೊತೆ ಸೇರಿದ್ರೆ ರಕ್ತ ನಿಲ್ಲೋದು ಕಷ್ಟ. ಬಿಪಿಗೆ, ಶುಗರ್‌ಗೆ ಮಾತ್ರೆ ನುಂಗೋರೂ ಕೇಳದೆ ತಿನ್ನಬಾರದು. ಹೇಳಿ, ಇದು ನಿಮ್ದೇನಾ?”

ಬಂಡೆ ಕುಳ್ಳನತ್ತ ಕೆಂಗಣ್ಣು ಬಿಟ್ಟ. “ಕಟ್ಟೇಲೆಲ್ಲ ಸಾರಿಬಿಟ್ಯೇನೋ?”

“ನೀನು ಬಿದ್ದಾಗ್ಲೇ ಎಲ್ರೂ ನೋಡಿದ್ರು ಕಣೋ. ಯಾರೂ ನಗಲಿಲ್ಲ.”

ಹೆಂಡತಿ ಮಂಚದ ಸರಳನ್ನು ಬಿಗಿಹಿಡಿದಳು. “ಬಾಯಿ ಬಿಡಿ. ಇಲ್ಲಾಂದ್ರೆ ಈ ಕೊಕ್ಕೆ ಏಟು ತಿಂದವನಲ್ಲ, ನಾನೇ ನಿಮ್ಮ ಕಥೆ ಮುಗಿಸ್ತೀನಿ.”

ಬಂಡೆಯ ಬಿಗಿದ ಮುಷ್ಟಿ ಹೊದಿಕೆಯ ಮೇಲೆ ಮೆಲ್ಲನೆ ಸಡಿಲವಾಯಿತು.

“ನಂದೇ, ಡಾಕ್ಟ್ರೇ,” ಎಂದನು ಬಂಡೆ. “ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ಮನೇಲಿ ಅಟ್ಟದ ಮೇಲೆ ಇನ್ನೂ ಒಂದು ಡಬ್ಬ ಇದೆ.”