ಅಕ್ಕನ ದನಿ ಯಾರ ಸೊತ್ತು

ಕಾಲೇಜಿನಲ್ಲಿ ಅವನನ್ನು ಎಲ್ಲರೂ ಪುಕ್ಕಟೆ ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕನಾಗಿದ್ದ ಆತ ಹೊಸ ಮೇಷ್ಟರಿರಲಿ, ವಿದ್ಯಾರ್ಥಿಗಳಿರಲಿ, ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ ಮುಕ್ತ ತಂತ್ರಾಂಶದ ಗುಣಗಾನ ಮಾಡುತ್ತಿದ್ದ. ಪುಕ್ಕಟೆ ಸಿಗುತ್ತದೆ ಅಂತ ಅಲ್ಲ, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರ ಕೈಗೆ ಕೊಡಬಹುದು ಅಂತ ಎಷ್ಟೇ ಬಿಡಿಸಿ ಹೇಳಿದರೂ ಕೇಳಿದವರ ಕಿವಿಗೆ ಬೀಳುತ್ತಿದ್ದದ್ದು ಆ ಒಂದು ಪದ ಮಾತ್ರ. ಹೆಸರು ಅಂಟಿಕೊಂಡಿತು.

ಹಾಗಂತ ಅವನು ಕದ್ದ ಮಾಲು ಮುಟ್ಟುವವನಲ್ಲ. ಹುಡುಗರು ಬೀಗ ಒಡೆದ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದರೆ ಹತ್ತು ಜನರ ಮುಂದೆ ಬೈಯುತ್ತಿದ್ದ. ಬೇಲಿ ಹಾರುವುದು ದೊಡ್ಡಸ್ತಿಕೆಯಲ್ಲ, ಬೇಲಿಯೇ ಇಲ್ಲದ ತೋಟ ಬೆಳೆಸಬೇಕು ಅನ್ನುವುದು ಅವನ ವಾದ. ಬರೆದವನಿಗೆ ಬರೆದದ್ದರ ಮೇಲೆ ಹಕ್ಕಿರಲಿ, ಆದರೆ ಮಾರಿದ ಮೇಲೂ ಕೊಂಡವನ ಮನೆಯೊಳಗೆ ಬಂದು ಕಾಲು ಚಾಚಿ ಕೂರುವ ಹಕ್ಕು ಯಾರಿಗೂ ಇಲ್ಲ ಅನ್ನುತ್ತಿದ್ದ. ಬೇರೆ ಕಂಪನಿಯ ಇಂಕು ಹಾಕಿದರೆ ಮುಷ್ಕರ ಹೂಡುವ ಪ್ರಿಂಟರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

ಅವನಿದ್ದದ್ದು ಅಕ್ಕ ಭಾವನ ಮನೆಯಲ್ಲಿ. ತಾಯಿ ತೀರಿಕೊಂಡ ಮೇಲೆ ಸಾಕಿದವಳು ಅಕ್ಕನೇ. ಅವಳು ಬಟ್ಟೆ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದಳು. ಬೇಡ ಅಂತ ಬಂದವರಿಗೂ ಎರಡು ಮೀಟರ್ ಕತ್ತರಿಸಿ ಕೈಗಿಡುವಂಥ ಮಾತುಗಾತಿ. ಸ್ವಲ್ಪ ಒಡೆದ ದನಿ, ವಾಕ್ಯದ ಕೊನೆಗೆ ಬಂದಾಗ ನಗುವಿಗೆ ಜಾರಿಬಿಡುವ ದನಿ. ಅದೇ ಅಂಗಡಿಗೆ ಹೊಲಿದುಕೊಡುತ್ತಿದ್ದ ಟೈಲರ್ ಆ ದನಿಗೇ ಮರುಳಾಗಿ ಅವಳನ್ನು ಮದುವೆಯಾಗಿದ್ದ. ಭಾವನ ಹೊಲಿಗೆ ಯಂತ್ರ ಮನೆಯ ಮುಂಗೋಣೆಯಲ್ಲೇ ಇತ್ತು. ಬಾಮೈದ ಒಪ್ಪಂದ, ಹಕ್ಕು, ಪರವಾನಗಿ ಎಂದು ಶುರುಮಾಡಿದರೆ ಭಾವ ತಲೆ ಎತ್ತದೆ, ನನ್ನ ಮಿಷನ್ನಿಗೆ ಒಪ್ಪಂದ ಗಿಪ್ಪಂದ ಏನೂ ಇಲ್ಲಪ್ಪ, ಎರಡು ತೊಟ್ಟು ಎಣ್ಣೆ ಬಿಟ್ಟರೆ ಓಡುತ್ತೆ ಅನ್ನುತ್ತಿದ್ದರು. ಅದನ್ನೇ ನಾನೂ ಹೇಳ್ತಿರೋದು ಭಾವ ಎಂದು ಇವನು ಕುಣಿಯುತ್ತಿದ್ದ. ಅಕ್ಕ ಒಳಗಿನಿಂದ ಇಬ್ಬರಿಗೂ ಸೇರಿಸಿ ಏನಾದರೊಂದು ಹೇಳಿ ನಗಿಸುತ್ತಿದ್ದಳು.

ಆ ಅಕ್ಕನಿಗೆ ನರದ ಕಾಯಿಲೆ ಬಂತು. ಮೊದಲು ನಾಲಿಗೆ ತೊಡರಿತು, ಗಿರಾಕಿಗಳು ಏನಂದ್ರಿ ಎಂದು ಎರಡೆರಡು ಸಲ ಕೇಳತೊಡಗಿದರು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಮಾತು ಹೋಗುತ್ತದೆ, ಆಮೇಲೆ ಕೈಕಾಲು, ಕಣ್ಣು ಮಾತ್ರ ಕೊನೆಯವರೆಗೂ ಆಡುತ್ತಿರುತ್ತದೆ ಎಂದರು. ಮಾತು ಇನ್ನೂ ಇರುವಾಗಲೇ ದನಿಯನ್ನು ಹಿಡಿದಿಟ್ಟುಕೊಳ್ಳಿ, ಮುಂದೆ ಯಂತ್ರ ಅದೇ ದನಿಯಲ್ಲಿ ಮಾತಾಡುತ್ತದೆ ಎಂಬ ದಾರಿ ತೋರಿಸಿದ್ದೂ ಅವರೇ.

ಆ ಕೆಲಸ ನನಗೆ ಬಿಡಿ ಎಂದ ತಮ್ಮ. ಮುಕ್ತ ತಂತ್ರಾಂಶದಲ್ಲೇ ಮಾಡುತ್ತೇನೆ, ಅಕ್ಕನ ದನಿ ಅಕ್ಕನ ಹತ್ತಿರವೇ ಇರಬೇಕು ಎಂದ. ಮಾತಿಗೆ ತಪ್ಪುವ ಮನಸ್ಸೇನೂ ಅವನಿಗಿರಲಿಲ್ಲ. ಆದರೆ ಒಂದು ಭಾಗ ಕೂಡಿದರೆ ಇನ್ನೊಂದು ಕೈಕೊಡುತ್ತಿತ್ತು. ದೇಶದೇಶಗಳ ಗುರುತಿಲ್ಲದ ಗೆಳೆಯರನ್ನು ಕೇಳಿ ಕೇಳಿ ತಿದ್ದುತ್ತ ಎಲ್ಲ ಸರಿಹೋದ ಮೇಲೆ ಅಕ್ಕನಿಂದ ಓದಿಸೋಣ, ಈ ವಾರ, ಮುಂದಿನ ವಾರ ಎಂದು ದೂಡಿದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಅತ್ತ ಅಕ್ಕನ ಮಾತು ದಿನಕ್ಕೊಂದು ಅಕ್ಷರ ನುಂಗುತ್ತಿತ್ತು. ಕಡೆಗೆ ಭಾವ ಯಾರನ್ನೂ ಕೇಳದೆ ಒಂದು ಕಂಪನಿಯವರನ್ನು ಕರೆಸಿದರು. ಅವರು ಅಕ್ಕನಿಂದ ವಾಕ್ಯಗಳನ್ನು ಓದಿಸಿಕೊಂಡು ಹೋದರು. ಸ್ವಲ್ಪ ದಿನಕ್ಕೆ ಟ್ಯಾಬ್ಲೆಟ್ ಬಂತು. ತೆರೆಯ ಮೇಲಿನ ಅಕ್ಷರವನ್ನು ಕಣ್ಣಿಟ್ಟು ನೋಡಿದರೆ ಸಾಕು, ಅದು ಬರೆದುಕೊಂಡು ಅಕ್ಕನ ದನಿಯಲ್ಲಿ ಓದುತ್ತದೆ.

ಶುರುಮಾಡುವ ಮೊದಲು ಒಪ್ಪಂದಕ್ಕೆ ಸರಿ ಎನ್ನಬೇಕಿತ್ತು. ಯಾರೂ ಓದದ ಆ ಉದ್ದನೆಯ ಬರಹವನ್ನು ಅವನು ಅಕ್ಕನ ಪಕ್ಕ ಕೂತು ಪೂರ್ತಿ ಓದಿ ಹೇಳಿದ. ಓದಿಸಿಕೊಂಡ ವಾಕ್ಯಗಳೂ ಕಂಪನಿಯವು, ಅದರಿಂದ ಮಾಡಿದ ದನಿಯೂ ಕಂಪನಿಯದು, ನಮಗಿರುವುದು ಅವರು ಇಟ್ಟುಕೊಂಡಿರುವಷ್ಟು ಕಾಲ ಬಳಸುವ ಅನುಮತಿ ಮಾತ್ರ. ಒತ್ತಬೇಡ ಅಕ್ಕಾ ಎಂದ.

ಆಗ ಅಕ್ಕನಿಗೆ ಇನ್ನೂ ಅಷ್ಟಿಷ್ಟು ಮಾತಿತ್ತು. ತೊದಲುತ್ತ, ಉಸಿರು ಕೂಡಿಸಿಕೊಂಡು ಹೇಳಿದಳು. "ನೀನು ಕಟ್ಟೋ ಮನೆ ಚೆನ್ನಾಗಿರುತ್ತೆ ಮರಿ. ಆದ್ರೆ ನನಗೆ ಮಳೆ ಈಗ್ಲೇ ಬರ್ತಿದೆ."

ಒತ್ತಿದಳು.

ಅವನು ಬಾಯಿ ಮುಚ್ಚಿಕೊಳ್ಳುವಷ್ಟು ಚೆನ್ನಾಗಿತ್ತು ಆ ಯಂತ್ರ. ಒಡೆದ ದನಿ, ಕೊನೆಯ ಆ ಜಾರು, ಎಲ್ಲ ಇತ್ತು. ಅಕ್ಕ ಹಾಸಿಗೆ ಹಿಡಿದ ಮೇಲೂ ಒಳಗಿನ ಕೋಣೆಯಿಂದ ಮುಂಗೋಣೆಗೆ ಮಾತು ಹರಿಯುತ್ತಲೇ ಇತ್ತು. ಭಾವ ಹೊಲಿಯುತ್ತಲೇ ಉತ್ತರ ಕೊಡುತ್ತಿದ್ದರು. ಕಾಲರ್ ಸೊಟ್ಟಗಾಗಿದೆಯಾ ನೋಡ್ಕೊಳ್ಳಿ ಎಂದು ಅವಳು, ಮಲಗಿದಲ್ಲಿಂದ ಅದು ಹೇಗೆ ಕಾಣಿಸ್ತೇ ಮಾರಾಯ್ತಿ ಎಂದು ಇವರು. ತಮ್ಮನೂ ತನ್ನ ವಾದವನ್ನು ಮಡಿಚಿ ಅಟ್ಟದ ಮೇಲಿಟ್ಟ.

ಒಂದು ಮಧ್ಯಾಹ್ನ ಅವನು ಲ್ಯಾಬಿನಲ್ಲಿ ಕೀಬೋರ್ಡುಗಳ ಧೂಳು ಕೊಡವುತ್ತಿರುವಾಗ ಮೊಬೈಲಿಗೆ ಸಂದೇಶ ಬಂತು. ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿದೆ. ಈ ಸೇವೆ ತಿಂಗಳ ಕೊನೆಗೆ ನಿಲ್ಲುತ್ತದೆ, ದನಿಗಳನ್ನು ಅಳಿಸಲಾಗುತ್ತದೆ. ಇಷ್ಟು ದಿನ ಜೊತೆಗಿದ್ದುದಕ್ಕೆ ವಂದನೆಗಳು. ಕೆಳಗೆ ಒಂದು ನಗುಮುಖದ ಚಿತ್ರ.

ಕೀಬೋರ್ಡು ಬದಿಗಿಟ್ಟು ಆಗಲೇ ಕಂಪನಿಗೆ ಬರೆಯಲು ಕೂತ. ಆಮೇಲೆ ಅವನು ಬರೆದ ಮೇಲ್‌ಗಳಿಗೆ ಲೆಕ್ಕವಿಲ್ಲ. ಯಾವುದಕ್ಕೂ ಮನುಷ್ಯರು ಉತ್ತರಿಸಲಿಲ್ಲ. ನಿಮ್ಮ ಕಾಳಜಿ ನಮಗೆ ಮುಖ್ಯ ಎಂದು ಯಂತ್ರವೊಂದು ಅದನ್ನೇ ತಿರುಗಿಸಿ ಮುರುಗಿಸಿ ಕಳಿಸುತ್ತಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ಕೊನೆಗೊಮ್ಮೆ ಫೋನಿನಲ್ಲಿ ಒಬ್ಬ ಹೆಣ್ಣುಮಗಳು ಸಿಕ್ಕಳು. ದನಿಯ ಕಡತವನ್ನು ನಮಗೇ ಕೊಟ್ಟುಬಿಡಿ, ನಾವು ಯಾರಿಗೂ ಮಾರುವುದಿಲ್ಲ ಎಂದು ಅವನು ಅಂಗಲಾಚಿದ. ಆಕೆ ಮೆಲ್ಲಗೆ, ಆ ದನಿ ಸಂಸ್ಥೆಯ ಸೃಷ್ಟಿ ಸರ್, ನಿಮ್ಮ ಅಕ್ಕ ಮೂಲವಸ್ತು ಕೊಟ್ಟಿದ್ದಾರೆ ಅಷ್ಟೆ ಎಂದಳು.

"ನಮ್ಮಕ್ಕ ಮೂಲವಸ್ತುನಾ ಮೇಡಂ?"

"ನನಗೆ ಬರೆದುಕೊಟ್ಟಿರೋದನ್ನ ಓದ್ತಿದ್ದೀನಿ ಸರ್. ನನಗೂ ಇಲ್ಲಿ ಈ ತಿಂಗಳೇ ಕೊನೆ" ಎಂದು ಫೋನ್ ಇಟ್ಟಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ದಾರಿಯೂ ಮುಚ್ಚಿತು.

ಹಳೆಯ ಮೊಬೈಲುಗಳನ್ನು ಜಾಲಾಡಿದ. ಅಕ್ಕ ಕಳಿಸಿದ್ದ ದನಿಸಂದೇಶಗಳು ಕೆಲವು ಸಿಕ್ಕವು. ಬರುವಾಗ ಸೋಪು ತಾ ಅನ್ನುವಂಥವು, ಹಿಂದೆ ಹೊಲಿಗೆ ಯಂತ್ರದ ಕಟಕಟ. ದನಿ ಕಟ್ಟಲು ಅಷ್ಟು ಸಾಲದು. ಟ್ಯಾಬ್ಲೆಟ್ಟನ್ನು ಒಳಗಿನಿಂದ ತೆರೆಯಲು ಹೋದರೆ ಎಲ್ಲವನ್ನೂ ಅಳಿಸಿಕೊಂಡುಬಿಡುವ ಹಾಗೆ ಮಾಡಿದ್ದರು. ಉಳಿದದ್ದು ಒಂದೇ ದಾರಿ. ಯಂತ್ರ ಮಾತಾಡುವಾಗ ಎದುರಿಗೆ ಮೈಕು ಹಿಡಿದು ತುಂಬಿಕೊಳ್ಳುವುದು, ಅದರಿಂದ ಹೊಸ ದನಿ ಕಟ್ಟುವುದು. ಒಪ್ಪಂದ ಇದನ್ನೂ ಕೂಡದು ಎಂದಿತ್ತು. ಜನ್ಮದಲ್ಲಿ ಒಂದು ಪರವಾನಗಿಯನ್ನೂ ಮೀರದವನು ಮರುದಿನ ಬೆಳಿಗ್ಗೆ ಲ್ಯಾಬಿಗೆ ರಜೆ ಹಾಕಿ, ಮೈಕು ಕೊಂಡು ಮನೆಗೆ ಬಂದ. ಹುಡುಗರಿಗೆ ಬೈದ ಬೈಗುಳಗಳೆಲ್ಲ ದಾರಿಯುದ್ದಕ್ಕೂ ಅವನ ಜೊತೆಗೇ ನಡೆದು ಬಂದವು.

ತೊಡಕೆಂದರೆ ಆ ಯಂತ್ರ ಅಕ್ಕನ ಕಣ್ಣಿಗೆ ಮಾತ್ರ ಬಗ್ಗುತ್ತಿತ್ತು. ಬೇರೆ ಕಡೆಯಿಂದ ಬರಹ ತಂದು ಹಾಕಲು ಬಿಡುತ್ತಿರಲಿಲ್ಲ. ಹೊಸ ದನಿಗೆ ಬೇಕಾದದ್ದು ಎಲ್ಲ ಅಕ್ಷರಗಳೂ ಎಲ್ಲ ಜೋಡಿಗಳಲ್ಲಿ ಬರುವ ವಾಕ್ಯಗಳು. ಅವನ್ನು ಅಕ್ಕನೇ ಅಕ್ಷರ ಅಕ್ಷರವಾಗಿ ಕಣ್ಣಿನಿಂದ ಆರಿಸಿ ಹೇಳಿಸಬೇಕು. ಅವನು ದೊಡ್ಡ ಅಕ್ಷರಗಳಲ್ಲಿ ಬರೆದ ಹಾಳೆ ಎತ್ತಿ ಹಿಡಿಯುವನು, ಅವಳು ನೋಡಿ ಬರೆಯುವಳು. ಠಕ್ಕನ ಛತ್ರಿಯಡಿ ಝರಿ ಹರಿಯಿತು. ಘಂಟೆ ಢಣಢಣ ಎಂದಿತು, ಫಕೀರ ಥಟ್ಟನೆ ಎದ್ದ. ಮೊದಮೊದಲು ಅಕ್ಕನಿಗೆ ನಗು. ಈ ಠಕ್ಕ ಯಾರೋ, ನಿಮ್ಮ ಪ್ರಿನ್ಸಿಪಾಲರಾ ಎಂದು ಕೇಳಿದಳು. ಅದನ್ನೂ ಅವನು ತುಂಬಿಕೊಂಡ.

ದಿನ ಕಳೆದಂತೆ ನಗು ನಿಂತಿತು. ಅವಳ ಕಣ್ಣು ಕೆಂಪಾಗಿ ನೀರು ಸುರಿಸುತ್ತಿತ್ತು. ಒಂದು ವಾಕ್ಯಕ್ಕೆ ಹಿಡಿಯುವ ಹೊತ್ತು ಹೆಚ್ಚುತ್ತ ಹೋಯಿತು. ಅವನು ಕಣ್ಣಿಗೆ ಹನಿ ಹಾಕಿ, ಒರೆಸಿ, ಇನ್ನೊಂದು ಹಾಳೆ ಎತ್ತುವನು. ಇನ್ನೊಂದೇ ಅಕ್ಕ. ಇನ್ನೊಂದೇ. ಸದ್ದು ಬರಬಾರದೆಂದು ಹೊಲಿಗೆ ಯಂತ್ರವನ್ನೂ ನಿಲ್ಲಿಸಿದ್ದ. ಭಾವ ಮುಂಗೋಣೆಯಲ್ಲಿ ಕೈಯಲ್ಲಿ ಗುಂಡಿ ತೂತಿನ ಕಾಜಾ ಹೊಲಿಯುತ್ತ, ತೆರೆದ ಬಾಗಿಲಿನಿಂದ ಹೆಂಡತಿಯ ದನಿ ಠಕ್ಕನ ಬಗ್ಗೆ, ಫಕೀರನ ಬಗ್ಗೆ ಹೇಳುವುದನ್ನು ಕೇಳುತ್ತ ಕೂತಿರುತ್ತಿದ್ದರು. ತಾವು ಮಾತಾಡಿಸುವ ಸರದಿ ಬರುವಷ್ಟರಲ್ಲಿ ಅವಳು ಕಣ್ಣು ಮುಚ್ಚಿ ಮಲಗಿಬಿಟ್ಟಿರುತ್ತಿದ್ದಳು.

ಕೊನೆಯ ದಿನ ಬೆಳಿಗ್ಗೆ ಅವನು ಹಾಳೆಗಳ ಕಟ್ಟು ಹಿಡಿದು ಬಂದಾಗ ಭಾವ ಅಕ್ಕನ ಮಂಚದ ಪಕ್ಕ ಕುರ್ಚಿ ಹಾಕಿ ಕೂತಿದ್ದರು.

"ಇವತ್ತು ಬೇಡ" ಎಂದರು.

ಇನ್ನು ಸ್ವಲ್ಪವೇ ಉಳಿದಿದೆ, ಇಷ್ಟು ಆಗದಿದ್ದರೆ ಅಲ್ಲಲ್ಲಿ ತೂತು ಬಿದ್ದ ದನಿಯಾಗುತ್ತದೆ, ಮುಗಿಸಿಬಿಟ್ಟರೆ ಜೀವಮಾನಕ್ಕೆ ಉಳಿಯುತ್ತದೆ ಎಂದು ಅವನು ಬೇಡಿಕೊಂಡ. ಭಾವ ಅಷ್ಟೂ ಕೇಳಿದರು.

"ನಿನಗೆ ಅವಳ ದನಿ ಬೇಕು. ನನಗೆ ಅವಳ ಮಾತು ಬೇಕಪ್ಪ."

ಅವನು ಅಕ್ಕನ ಕಡೆ ನೋಡಿದ. ತನ್ನ ಪರ ಹೇಳುತ್ತಾಳೆ ಎಂದೇ ನಂಬಿದ್ದ. ಅಕ್ಕನ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ನಿಧಾನವಾಗಿ ನಡೆಯಿತು. ಯಂತ್ರ ಅವಳ ದನಿಯಲ್ಲಿ ಹೇಳಿತು. "ಮರಿ, ಹೊರಗೆ ಹೋಗು."

ಭಾವ ಎದ್ದು ಬಾಗಿಲು ಹಾಕಿಕೊಂಡರು. ಅವನು ಮುಂಗೋಣೆಯಲ್ಲಿ ಮಡಿಚಿಟ್ಟ ಬಟ್ಟೆಗಳ ನಡುವೆ ಕೂತ. ಒಳಗಿನ ಮಾತು ಕೇಳಿಸುತ್ತಿತ್ತು, ಆದರೆ ಏನೆಂದು ತಿಳಿಯುತ್ತಿರಲಿಲ್ಲ. ಒಂದು ಸಲ ಭಾವ ನಕ್ಕರು. ಸಂಜೆಗಾದರೂ ಬಿಟ್ಟಾರು, ಆಗ ಉಳಿದದ್ದು ಮುಗಿಸೋಣ ಎಂದುಕೊಂಡು ಹಾಳೆಗಳನ್ನು ತಿರುಗಾಮುರುಗಾ ಜೋಡಿಸುತ್ತಿದ್ದ.

ಸಂಜೆಯವರೆಗೆ ಕಾಯಬೇಕಾಗಲಿಲ್ಲ. ಕಂಪನಿ ಇದ್ದ ದೇಶದಲ್ಲಿ ಆಗಲೇ ಕಚೇರಿ ಮುಚ್ಚುವ ಹೊತ್ತಾಗಿತ್ತು. ಊಟದ ಹೊತ್ತಿಗೆ ಭಾವ ಬಾಗಿಲು ತೆರೆದರು. "ನಿಂತ್ಹೋಯ್ತು ನೋಡೋ. ಅರ್ಧ ಮಾತಲ್ಲಿದ್ದಳು" ಎಂದರು. ಅವನು ಓಡಿದ. ತೆರೆಯ ಮೇಲೆ ಅದೇ ನಗುಮುಖ. ಅಕ್ಕ ಅಕ್ಷರಗಳಿದ್ದ ಜಾಗವನ್ನೇ ನೋಡುತ್ತಿದ್ದಳು. ಅವನು ಸ್ವಿಚ್ಚು ತೆಗೆದ, ಹಾಕಿದ, ಮತ್ತೆ ತೆಗೆದ, ಮತ್ತೆ ಹಾಕಿದ. ಪ್ರಯೋಜನವಿಲ್ಲವೆಂದು ಅವನಿಗಿಂತ ಚೆನ್ನಾಗಿ ತಿಳಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಕೈ ನಿಲ್ಲಲಿಲ್ಲ. ಭಾವ ಬಂದು ಕೈ ಹಿಡಿದು ಬಿಡಿಸಬೇಕಾಯಿತು.

ಅವನು ಹಳೆಯ ಲ್ಯಾಪ್‌ಟಾಪಿಗೆ ಕಣ್ಣು ಹಿಂಬಾಲಿಸುವ ಕ್ಯಾಮೆರಾ ಜೋಡಿಸಿ, ಕೂಡಿಟ್ಟ ವಾಕ್ಯಗಳಿಂದ ದನಿ ಕಟ್ಟಿದ. ಈ ಸಲ ತಡಮಾಡಲಿಲ್ಲ, ಊಟ ತಿಂಡಿ ಮರೆತು ಮಾಡಿದ. ಭಾವನನ್ನೂ ಕರೆದು ಅಕ್ಕನ ಮುಂದೆ ಹಚ್ಚಿದ. ಕಂಬಳಿಯೊಳಗಿಂದ ಬಂದಂಥ ಸದ್ದು. ಕೆಲವು ಅಕ್ಷರಗಳಿಗೆ ಅಕ್ಕ ಇದ್ದಳು, ಕೆಲವಕ್ಕೆ ಯಾರೂ ಇರಲಿಲ್ಲ. ವಾಕ್ಯದ ಕೊನೆಯಲ್ಲಿ ನಗು ಜಾರಬೇಕಾದ ಕಡೆ ಬಿಕ್ಕಿದಂತಾಗುತ್ತಿತ್ತು. ಭಾವ ಎದ್ದು ಹೊರಗೆ ಹೋದರು. ಅಕ್ಕ ತೆರೆಯ ಮೇಲೆ ಬರೆದು, ಓದಿಸದೆ ಹಾಗೇ ಬಿಟ್ಟಳು. ಇದು ಬೇಡ.

ತಿದ್ದುತ್ತೇನೆ ಅಕ್ಕ, ಸ್ವಲ್ಪ ದಿನ ಕೊಡು ಎಂದ. ಅವಳು ಬೇರೆ ಏನಿದೆ ಎಂದು ಬರೆದಳು. ಹೇಳಲು ಅವನಿಗೆ ಮನಸ್ಸಿರಲಿಲ್ಲ. ಆ ತಂತ್ರಾಂಶದ ಜೊತೆಗೇ ಒಂದು ಹೆಣ್ಣುದನಿ ಬರುತ್ತಿತ್ತು. ಎಲ್ಲಿಯದೋ ಒಬ್ಬ ಹೆಂಗಸು ಕೂತು ಓದಿ, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟದ್ದು. ಚೊಕ್ಕ ದನಿ, ಶಾಲೆಯ ಟೀಚರಿನ ಹಾಗೆ ಬಿಡಿಬಿಡಿಸಿ ಹೇಳುವಂಥದು. ಅವನು ಇಷ್ಟು ವರ್ಷ ಹಾಡಿ ಹೊಗಳಿದ್ದು ಇಂಥದ್ದನ್ನೇ. ಈಗ ಅದನ್ನು ಅಕ್ಕನಿಗೆ ಹಾಕಿಕೊಡುವಾಗ ಅವನಿಗೆ ತಾನೇ ಅವಳ ಬಾಯಿಗೆ ಬಟ್ಟೆ ತುರುಕಿದಂತಾಯಿತು.

"ಯಾರೋ ಪುಣ್ಯಾತ್ಗಿತ್ತಿ ಕೊಟ್ಟಿದ್ದಾಳೆ" ಎಂದಳು ಅಕ್ಕ, ಆ ಹೊಸ ದನಿಯಲ್ಲಿ. "ಸಾಕು. ನೀನು ಹೋಗಿ ಊಟ ಮಾಡು."

ಅವನು ಅಡುಗೆಮನೆಗೆ ಹೋಗಿ ತಟ್ಟೆ ಮುಂದಿಟ್ಟುಕೊಂಡು ಕೂತ. ಅನ್ನ ಕಲಸತೊಡಗಿದ. ಮುಂಗೋಣೆಯಲ್ಲಿ ಬಹಳ ದಿನಗಳ ಮೇಲೆ ಹೊಲಿಗೆ ಯಂತ್ರ ಓಡುತ್ತಿತ್ತು. ಒಳಗಿನಿಂದ ಆ ಟೀಚರ್ ದನಿ ಕರೆಯಿತು. "ರೀ, ಇಲ್ಲಿ ಬನ್ನಿ." ಯಂತ್ರ ಓಡುತ್ತಲೇ ಇತ್ತು. ಮತ್ತೆ ಕರೆಯಿತು. ಭಾವ ಬಟ್ಟೆ ತಿರುಗಿಸಿ ಇನ್ನೊಂದು ಅಂಚಿಗೆ ಸೂಜಿ ಇಳಿಸಿದರು. ಬೀದಿಯಲ್ಲೋ ಪಕ್ಕದ ಮನೆಯಲ್ಲೋ ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎನ್ನುವ ಹಾಗೆ.

ಮೂರನೆಯ ಸಲಕ್ಕೆ ಅವನು ಎಂಜಲು ಕೈಯಲ್ಲೇ ಎದ್ದು ಮುಂಗೋಣೆಯ ಬಾಗಿಲಿಗೆ ಬಂದು ನಿಂತ.

"ಭಾವ, ನಿಮ್ಮನ್ನೇ ಕರೀತಿರೋದು. ಅಕ್ಕ."